ಒಂದು ಸಾರಿಗಾಗುವ ಗುಡ್ಡೆ

ತರಕಾರಿ ಮಾರುವವನ ಕೈಗೆ ಸೀಲು, ಸಹಿ ಇರುವ ನೇಮಕಾತಿ ಪತ್ರ ಸಿಕ್ಕಿಬಿಟ್ಟರೆ ಅವನಿಗೆ ಎಷ್ಟು ಜಂಬ ಬರುತ್ತದೆ ಎನ್ನುವುದನ್ನು ಆ ಕಾಲದಲ್ಲಿ ನನ್ನನ್ನು ನೋಡಿದವರು ಹೇಳಬೇಕು. ತಿ. ನರಸೀಪುರದ ಒಂದು ತರಕಾರಿ ಸಹಕಾರ ಸಂಘದಲ್ಲಿ ನಾನು ಮಾರಾಟ ಸಹಾಯಕನಾಗಿದ್ದೆ. ಆ ಸಂಘ ಈಗಿಲ್ಲ, ಹೆಸರು ಬೇಡ. ಮೊನ್ನೆ ಇಬ್ಬರು ಹುಡುಗಿಯರು ಮನೆ ಹುಡುಕಿಕೊಂಡು ಬಂದಿದ್ದರು. ಬಡವರ ಬಡಾವಣೆಗಳಿಗೆ ಕಡಿಮೆ ದರದಲ್ಲಿ ತಾಜಾ ತರಕಾರಿ ತಲುಪಿಸುವ ಯಾವುದೋ ಯೋಜನೆಗೆ ಹೊಸದಾಗಿ ಸೇರಿದ್ದಾರಂತೆ, ನಿಮ್ಮ ಅನುಭವ ಹೇಳಿ ಸರ್ ಎಂದು ಕೇಳಿದರು. ಕಾಫಿ ಕೊಟ್ಟು, ಬೆಂಡೆಕಾಯಿ ಬಾಡದಂತೆ ಇಡುವುದು ಹೇಗೆ ಎಂದು ವಿವರಿಸಿ ಕಳಿಸಿಬಿಟ್ಟೆ. ಹೇಳಬೇಕಾದ ಮಾತು ಬಾಯಿಗೆ ಬರಲಿಲ್ಲ.

ಅದನ್ನು ಈಗ ಬರೆಯುತ್ತಿದ್ದೇನೆ. ಬಡ್ತಿ ಸಿಕ್ಕಿದ್ದು, ನಿವೃತ್ತಿಯ ದಿನ ಹಾರ ಹಾಕಿದ್ದು ಇದರಲ್ಲಿ ಇಲ್ಲ. ಒಬ್ಬ ಮುದುಕಿಯನ್ನು ನಾನು ಒಂದು ಹೊಂಗೆ ಮರದ ಬುಡದಿಂದ ಎಬ್ಬಿಸಿದೆ. ಆಮೇಲೆ ಅವಳನ್ನು ವಾಪಸು ಕರೆತರಲು ಹೋದೆ. ನನ್ನ ಇಡೀ ಸರ್ವೀಸಿನಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಇದೊಂದೇ.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ನಂಜನಗೂಡಿನಲ್ಲಿ ರೈಲ್ವೆ ಗೇಟಿನ ಆಚೆ ಒಂದು ಕಾಲೊನಿಯಿತ್ತು. ಬೀದಿ ಗುಡಿಸುವವರು, ಗಾರೆ ಕೆಲಸದವರು, ಫ್ಯಾಕ್ಟರಿಗೆ ದಿನಗೂಲಿಗೆ ಹೋಗುವವರು ಅಲ್ಲಿದ್ದರು. ಹತ್ತಿರದಲ್ಲಿ ತರಕಾರಿ ಅಂಗಡಿ ಇರಲಿಲ್ಲ. ಮಾರ್ಕೆಟ್ಟಿಗೆ ಹೋಗಬೇಕೆಂದರೆ ಗೇಟು ದಾಟಿ ಟೌನಿನ ಒಳಕ್ಕೆ ನಡೆಯಬೇಕು, ಕೆಲಸ ಮುಗಿಸಿ ಸಂಜೆ ಹೋದರೆ ಸಿಗುವುದು ಬೇರೆಯವರು ಆರಿಸಿ ಬಿಟ್ಟದ್ದು. ಅಲ್ಲಿಗೆ ಸಂಘದ ವ್ಯಾನು ಕಳಿಸುವುದೆಂದು ತೀರ್ಮಾನವಾಯಿತು. ನಮ್ಮ ಮ್ಯಾನೇಜರು ಕಾಗದದಲ್ಲಿ ಬಹಳ ನಂಬಿಕೆಯಿದ್ದ ಮನುಷ್ಯ. ಕೆಟ್ಟವರಲ್ಲ. ಬರೆದದ್ದು ನಡೆದಂತೆ, ಬರೆಯದೇ ಇದ್ದದ್ದು ನಡೆಯಲೇ ಇಲ್ಲ ಎನ್ನುವ ಪೈಕಿ. ನನ್ನನ್ನು ಕರೆದು, ವ್ಯಾನು ನಿನ್ನ ಜವಾಬ್ದಾರಿ ಎಂದರು. ನನಗೆ ನೆಲ ಕಾಣದಷ್ಟು ಖುಷಿಯಾಯಿತು.

ಬೆಳಗಿನ ಜಾವ ನರಸೀಪುರ ಬಿಟ್ಟು, ಬನ್ನೂರಿನ ಕಡೆಯ ರೈತರಿಂದ ಸರಕು ತುಂಬಿಕೊಂಡು, ಬಂದು ಗೋಡೌನಿನಲ್ಲಿ ತೂಕ ಹಾಕಿಸಿ, ಸಹಿ ಮಾಡಿಸಿ ನಂಜನಗೂಡು ತಲುಪುವ ಹೊತ್ತಿಗೆ ಹತ್ತೂವರೆ. ಕಾಲೊನಿಯ ಬಾಯಲ್ಲಿ ಬೀದಿ ನಲ್ಲಿ, ಅದರ ಪಕ್ಕ ಹೊಂಗೆ ಮರ. ನೆರಳಿರುವ ಜಾಗ ಅದೊಂದೇ. ಆ ನೆರಳಲ್ಲಿ, ಬೇರಿಗೆ ಬೆನ್ನು ಕೊಟ್ಟು, ಬಿದಿರು ಬುಟ್ಟಿ ಮುಂದಿಟ್ಟುಕೊಂಡು ಚಿಕ್ಕತಾಯಮ್ಮ ಕೂತಿರುತ್ತಿದ್ದಳು. ಹತ್ತಿರದ ಹೆಡತಲೆ ಹಳ್ಳಿಯವಳು, ಅರವತ್ತು ದಾಟಿದ ಹೆಂಗಸು. ಸೊಪ್ಪು ತರಕಾರಿ ಹೊತ್ತುಕೊಂಡು ಮೊದಲ ಬಸ್ಸಿಗೆ ಬರುತ್ತಿದ್ದಳು.

ಅವಳ ಹತ್ತಿರ ತಕ್ಕಡಿ ಇರಲಿಲ್ಲ. ಗೋಣಿತಾಟಿನ ಮೇಲೆ ಗುಡ್ಡೆ ಹಾಕುತ್ತಿದ್ದಳು. ಎರಡು ಬದನೆಕಾಯಿ, ಒಂದು ಟೊಮೆಟೊ, ಒಂದು ಹಿಡಿ ದಂಟಿನ ಸೊಪ್ಪು, ನಾಲ್ಕು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು. ಒಂದು ಮನೆಗೆ ಒಂದು ಹೊತ್ತಿನ ಸಾರಿಗೆ ಆಗುವಷ್ಟು. ಕೊಂಡವರ ಸೆರಗಿಗೆ ಆಮೇಲೆ ಇನ್ನೊಂದು ಹಿಡಿ ಕೊಸರು ಹಾಕುತ್ತಿದ್ದಳು. ಆ ಕೊಸರು ಎಲ್ಲರಿಗೂ ಒಂದೇ ಅಲ್ಲ. ಬಾಣಂತಿ ಇರುವ ಮನೆಗೆ ಸಬ್ಬಸಿಗೆ, ಮಗುವಿಗೆ ಕೆಮ್ಮಿದ್ದರೆ ನಾಲ್ಕು ದೊಡ್ಡಪತ್ರೆ ಎಲೆ, ಬಸುರಿಗೆ ನುಗ್ಗೆಸೊಪ್ಪು. ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ. ಆಗ ನನ್ನ ಕಣ್ಣಿಗೆ ಬಿದ್ದದ್ದು ಒಂದೇ, ಆ ಯಮ್ಮ ನನ್ನ ನೆರಳಲ್ಲಿ ಕೂತಿದ್ದಾಳೆ ಎನ್ನುವುದು.

ನನ್ನ ಹತ್ತಿರ ಮುದ್ರೆ ಒತ್ತಿದ ತೂಕದ ಬಟ್ಟುಗಳಿದ್ದವು. ಪ್ರತಿ ಸೋಮವಾರ ಹುಣಸೆಹಣ್ಣು ಹಾಕಿ ಅವನ್ನು ಉಜ್ಜಿ ಹೊಳೆಸುತ್ತಿದ್ದೆ. ಸೊಪ್ಪನ್ನೂ ತೂಗುತ್ತಿದ್ದೆ. ಅರ್ಧ ಕಿಲೋಗೆ ಕಡಿಮೆ ಕೊಡುವಂತಿಲ್ಲ, ಮೇಲೆ ಒಂದು ಎಲೆ ಹಾಕುವಂತಿಲ್ಲ, ಅದು ಸಂಘದ ನಿಯಮ. ಯಾರಾದರೂ ಬಂದು, ಅಜ್ಜಿ ಕೊಸರು ಹಾಕುತ್ತದಲ್ಲ ನೀವು ಹಾಕಲ್ಲವಾ ಎಂದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕಾಲೊನಿಯ ಮುದುಕರು ನನಗೆ ತಕ್ಕಡಿ ಸಾ ಎಂದು ಹೆಸರಿಟ್ಟಿದ್ದರು. ಅದನ್ನು ನಾನು ಹೊಗಳಿಕೆ ಅಂತಲೇ ತಿಳಿದಿದ್ದೆ.

ಮೂರು ತಿಂಗಳು ನೋಡಿದೆ. ಆಮೇಲೆ ಮ್ಯಾನೇಜರಿಗೆ ಒಂದು ಪತ್ರ ಬರೆದೆ. ವ್ಯಾನು ನಿಲ್ಲುವ ಸ್ಥಳದಲ್ಲಿ ಒಬ್ಬ ಮಹಿಳೆ ತೂಕವಿಲ್ಲದೆ ವ್ಯಾಪಾರ ಮಾಡುತ್ತಿದ್ದು ಸಂಘದ ಮಾರಾಟಕ್ಕೆ ಅಡ್ಡಿಯಾಗಿದೆ, ಜಾಗ ತೆರವು ಮಾಡಿಸಿಕೊಡಬೇಕು. ನನ್ನ ಅಕ್ಷರ ಚೆನ್ನಾಗಿತ್ತು. ಮ್ಯಾನೇಜರು ಓದಿ ತಲೆದೂಗಿದರು. ಮಾರನೆಯ ದಿನ ಗೋಡೌನಿನ ವಾಚ್‌ಮನ್‌ನನ್ನು ನನ್ನ ಜೊತೆ ವ್ಯಾನಿನಲ್ಲಿ ಕಳಿಸಿದರು. ಅವನು ಇಳಿದು ಹೋಗಿ ಬುಟ್ಟಿ ಎತ್ತಿದ. ಚಿಕ್ಕತಾಯಮ್ಮ ಜಗಳವಾಡಲಿಲ್ಲ, ಬುಟ್ಟಿಯ ಅಂಚು ಹಿಡಿದುಕೊಂಡು ಹತ್ತು ಹೆಜ್ಜೆ ಅವನ ಜೊತೆ ನಡೆದಳು, ಆಮೇಲೆ ಕೈಬಿಟ್ಟಳು. ಬುಟ್ಟಿ ನನ್ನ ವ್ಯಾನಿನಲ್ಲೇ ನರಸೀಪುರಕ್ಕೆ ಬಂತು. ನಾನು ಅವತ್ತು ಹಿಂದಿರುಗಿ ನೋಡಲಿಲ್ಲ. ನೋಡಬಾರದೆಂದೇನೂ ಅಲ್ಲ, ಟೊಮೆಟೊ ತೂಗುತ್ತಿದ್ದೆ.

ಎರಡು ದಿನ ಅವಳು ಹಳೇ ಸೀರೆಯಲ್ಲಿ ಗಂಟು ಕಟ್ಟಿಕೊಂಡು ಬಂದಳು. ಆ ಎರಡು ದಿನವೂ ವ್ಯಾನಿನ ಜೊತೆ ಬಂದಿದ್ದ ವಾಚ್‌ಮನ್ ಗದರಿದ. ಮೂರನೇ ದಿನದಿಂದ ಬರಲಿಲ್ಲ.

ಆಮೇಲೆ ನನಗೆ ಒಳ್ಳೆಯ ಕಾಲ. ನೆರಳು ಪೂರ್ತಿ ನಂದೇ. ಹನ್ನೆರಡರೊಳಗೆ ಎಲೆಕೋಸು, ಬೀಟ್‌ರೂಟು, ನವಿಲುಕೋಸು ಎಲ್ಲ ಖಾಲಿ. ಮ್ಯಾನೇಜರು ಒಂದು ದಿನ ತಪಾಸಣೆಗೆ ಬಂದರು. ಸಾಲು ನಿಂತಿದ್ದವರಲ್ಲಿ ಒಬ್ಬರು ಮುಂದೆ ಬಂದು, ಬಹಳ ಅನುಕೂಲವಾಗಿದೆ ಸಾರ್, ಬಡವರಿಗೆ ಇಂಥದ್ದು ಬೇಕು ಎಂದು ಹೊಗಳಿದರು. ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ಹೊಗಳಿದ ಆ ಮನುಷ್ಯ ಸ್ಕೂಟರಿನಲ್ಲಿ ಬಂದಿದ್ದ, ಕಾಲಿಗೆ ಪಾಲಿಶ್ ಹಾಕಿದ ಬೂಟಿತ್ತು. ನನಗೂ ಕಂಡಿತು, ಮ್ಯಾನೇಜರಿಗೂ ಕಂಡಿತು. ಇಬ್ಬರಿಗೂ ಏನೂ ಹೊಳೆಯಲಿಲ್ಲ.

ಹೊಳೆಸಿದವಳು ಜಯಮ್ಮ. ಆ ಕಾಲೊನಿಯವಳೇ, ಟೌನಿನ ಬೀದಿ ಗುಡಿಸುವ ಕೆಲಸ. ಒಂದು ದಿನ ಹನ್ನೊಂದರ ಹೊತ್ತಿಗೆ ವ್ಯಾನಿನ ಹತ್ತಿರ ಬಂದು ಒಂದು ಹಿಡಿ ಸಬ್ಬಸಿಗೆ ಸೊಪ್ಪು ಕೇಳಿದಳು. ಅರ್ಧ ಕಿಲೋಗೆ ಕಡಿಮೆ ಬರುವುದಿಲ್ಲ ಎಂದೆ. ಅರ್ಧ ಕಿಲೋ ಸೊಪ್ಪು ಎಂದರೆ ಎಷ್ಟಾಗುತ್ತದೆ, ಬಾಣಂತಿ ಮಗಳೊಬ್ಬಳಿಗೆ ಅಷ್ಟೊಂದು ಏನು ಮಾಡುವುದು, ಇಡಲು ನಮ್ಮ ಮನೆಯಲ್ಲಿ ತಣ್ಣನೆ ಜಾಗ ಎಲ್ಲಿದೆ ಎಂದಳು. ಯಾವ ಮಗು ಎಂದು ಸುಮ್ಮನೆ ಉಪಚಾರಕ್ಕೆ ಕೇಳಿದೆ.

"ಎಣ್ಣು ಮಗ ಸಾ. ಒಂಬತ್ ದಿನಕ್ಕೆ ಓಗ್ಬುಡ್ತು. ಬಲವೇ ಇರ್ನಿಲ್ಲ ಅದುಕ್ಕೆ. ಮಗ ಓದ್ರೂ ಬಾಣಂತಿ ಬಾಣಂತಿಯೇ ಅಲ್ವಾ, ಅವಳ್ಗೆ ಇಕ್ಬೇಕಲ್ಲ."

ನಾನು ತಕ್ಕಡಿಯ ಕೈ ಬಿಟ್ಟೆ. ಪರಿಸ್ಥಿತಿ ನಿಭಾಯಿಸಲು, ದಿನಾ ಬರುತ್ತೇನಲ್ಲಮ್ಮ, ಮೊದಲೇ ಬಂದು ಸೊಪ್ಪು ತರಕಾರಿ ತೆಗೆದುಕೊಂಡು ಹೋಗಬಹುದಿತ್ತಲ್ಲ ಎಂದುಬಿಟ್ಟೆ. ಆ ಮಾತು ಯಾಕಾದರೂ ಆಡಿದೆನೋ. ಜಯಮ್ಮ ನನ್ನ ಮುಖವನ್ನೇ ನೋಡಿದಳು.

"ನಿಮ್ ಗಾಡೀನ ನಾನು ಇವತ್ತೇ ನೋಡ್ತಾ ಇರೋದು ಸಾ. ಮಗ ಓಯ್ತು ಅಂತ ಕೆಲ್ಸುಕ್ಕೆ ರಜ ಆಕಿವ್ನಿ, ಅದುಕ್ಕೆ ಮನೇಲಿವ್ನಿ. ನೀವ್ ಬರೋ ವತ್ಗೆ ಕಾಲನೀಲಿ ಯಾರಿರ್ತರೆ? ಅಜ್ಜಿ ಐದೂವರ್ಗೇ ಬಂದು ಕೂತಿರ್ತಿತ್ತು. ನಾವು ಕೆಲ್ಸುಕ್ಕೆ ಓಗೋ ಮುಂಚೆ ತಕ್ಕಂಡು, ಸಾರಿಗಿಟ್ಟು ಓಯ್ತಿದ್ದೊ. ನಮ್ ಮಗ್ಳು ಮಂಗಳುಂಗೆ ದಿನಾ ನುಗ್ಗೆಸೊಪ್ಪು ಕೊಡ್ತಿತ್ತು."

ಅವಳು ಹೋದ ಮೇಲೆ ಸಾಲಿನಲ್ಲಿ ನಿಂತವರನ್ನು ಮೊದಲ ಸಲ ಸರಿಯಾಗಿ ನೋಡಿದೆ. ಗೇಟಿನ ಈಚೆಯ ಲೇಔಟಿನ ಮೇಷ್ಟರು, ಗುಮಾಸ್ತರು, ಅವರ ಹೆಂಡತಿಯರು. ಕಾಲೊನಿಯವರು ಎನ್ನಲು ಇಬ್ಬರು ಮುದುಕರು, ಅವರೂ ನೆರಳಿಗೆ ಬಂದು ಕೂತವರು. ಎಲ್ಲಕ್ಕಿಂತ ನನ್ನನ್ನು ಇವತ್ತಿಗೂ ಸುಡುವುದು ಇನ್ನೊಂದು. ನಾನು ಹತ್ತೂವರೆಗೆ ಬರುವ ಹೊತ್ತಿಗೆ ಚಿಕ್ಕತಾಯಮ್ಮನ ವ್ಯಾಪಾರ ಮುಗಿದು ಮೂರು ತಾಸು ಕಳೆದಿರುತ್ತಿತ್ತು. ಅವಳು ಅಲ್ಲಿ ಕೂತಿರುತ್ತಿದ್ದದ್ದು ಉಳಿದದ್ದನ್ನು ಮುಂದಿಟ್ಟುಕೊಂಡು ಹನ್ನೊಂದರ ಬಸ್ಸಿಗೆ ಕಾಯುವುದಕ್ಕೆ. ಅವಳಿಂದ ನನಗೆ ಏನೂ ಅಡ್ಡಿಯಿರಲಿಲ್ಲ. ಒಂದು ದಿನ ಅವಳನ್ನು ಮಾತಾಡಿಸಿದ್ದರೆ ಇದು ತಿಳಿಯುತ್ತಿತ್ತು.

ನುಗ್ಗೆಸೊಪ್ಪು ತಪ್ಪದಿದ್ದರೆ ಆ ಮಗು ಉಳಿಯುತ್ತಿತ್ತು ಎಂದು ಯಾವ ಡಾಕ್ಟರೂ ನನಗೆ ಹೇಳಿಲ್ಲ. ನಾನೂ ಹೇಳುವುದಿಲ್ಲ. ಆದರೆ ಅವತ್ತಿನಿಂದ ಬಟ್ಟು ಉಜ್ಜುವುದನ್ನು ಬಿಟ್ಟೆ.

ಮ್ಯಾನೇಜರ ಹತ್ತಿರ ಹೋಗಿ ವ್ಯಾನು ಐದೂವರೆಗೆ ನಿಲ್ಲಬೇಕು, ಗುಡ್ಡೆ ಲೆಕ್ಕದಲ್ಲಿ ಮಾರಬೇಕು ಎಂದು ಕೇಳಿದೆ. ಗುಡ್ಡೆಯನ್ನು ಪುಸ್ತಕದಲ್ಲಿ ಏನಂತ ಬರೆಯುತ್ತೀಯ ಎಂದರು. ಹೋಗಿ ಹೋಗಿ ಅವರ ತಲೆ ತಿಂದೆ. ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ಹಿಂದಿನ ದಿನವೇ ಸರಕು ತಂದು, ಎಲ್ಲ ಬೆರೆಸಿ ಅರ್ಧ ಅರ್ಧ ಕಿಲೋ ತೂಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು, ಮಿಶ್ರ ತರಕಾರಿ ಎಂದು ಬರೆದುಕೊಳ್ಳುವುದು, ಬೆಳಿಗ್ಗೆ ಐದೂವರೆಗೆ ಕೊಡುವುದು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮೊದಲ ಬೆಳಿಗ್ಗೆ ಹೆಂಗಸರು ಬಂದು ಸುತ್ತ ನಿಂತರು. ಚೀಲಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಎಲ್ಲದರಲ್ಲೂ ಅದೇ ಬೀನ್ಸು, ಅದೇ ಕ್ಯಾರೆಟ್ಟು, ಅದೇ ಒಂದು ತುಂಡು ಎಲೆಕೋಸು. ಹಬೆ ಕಟ್ಟಿ ಸೊಪ್ಪು ಕಪ್ಪಾಗಿತ್ತು. ಜಯಮ್ಮ ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ರಲ್ಲಿ ನಮ್ಮನೆದು ಯಾವ್ದು ಸಾ?" ಎಂದು ಕೇಳಿದಳು. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದ್ದು. ಆ ವಾರ ಚೀಲಗಳು ಅರ್ಧಕ್ಕರ್ಧ ವಾಪಸು ಬಂದವು.

ಭಾನುವಾರ ಹೆಡತಲೆಗೆ ಹೊರಟೆ. ಹೊರಡುವ ಮೊದಲು ಗೋಡೌನಿನಲ್ಲಿ ಅವಳ ಬುಟ್ಟಿ ಹುಡುಕಿದೆ. ಕೊಳೆತ ಟೊಮೆಟೊ ಹಾಕಲು ಇಟ್ಟುಕೊಂಡಿದ್ದರು. ನಲ್ಲಿ ಕೆಳಗಿಟ್ಟು ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದೆ. ತಳ ಸ್ವಲ್ಪ ಬಿಟ್ಟಿತ್ತು, ಮೇದರ ಬೀದಿಗೆ ಕೊಟ್ಟು ಎರಡು ಕಡ್ಡಿ ಸೇರಿಸಿ ಕಟ್ಟಿಸಿದೆ. ಆ ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಪಕ್ಕದವನು ಯಾರ ಮನೆಗೆ ಎಂದು ಕೇಳಿದ. ನಮ್ಮ ಪೈಕಿಯವರ ಮನೆಗೆ ಎಂದೆ.

ಚಿಕ್ಕತಾಯಮ್ಮ ಜಗುಲಿಯ ಮೇಲೆ ಕೂತು ಬೆರಕೆ ಸೊಪ್ಪು ಸೋಸುತ್ತಿದ್ದಳು. ಮಂಡಿ ಊದಿತ್ತು. ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ತಕ್ಕಡಿ ಸಾ ಅಲ್ಲವಾ, ಕುಂತ್ಕೊ ಎಂದು ಚಾಪೆ ತಳ್ಳಿದಳು. ಒಳಗಿನಿಂದ ಮಜ್ಜಿಗೆ ತರಿಸಿದಳು. ನಾನು ಬಾಯಿ ಬಿಡುವ ಮೊದಲೇ ಕಾಲೊನಿಯ ಒಂದೊಂದೇ ಮನೆಯನ್ನು ಕೇಳತೊಡಗಿದಳು. ನಲ್ಲಿ ಎದುರು ಮನೆಯ ಮುದುಕನ ಕೆಮ್ಮು ಹೇಗಿದೆ? ಮೂಲೆ ಮನೆಯ ಹುಡುಗಿಗೆ ಗಂಡು ಗೊತ್ತಾಯಿತಾ? ಗಾರೆ ಕೆಲಸದವನು ಕುಡಿಯುವುದು ಬಿಟ್ಟನಾ? ಒಂದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ದಿನಾ ಅಲ್ಲಿಗೆ ಹೋಗುತ್ತಿದ್ದವನು ನಾನು. ನನಗೆ ನೆನಪಿದ್ದದ್ದು ಬರೀ ಕಿಲೋ ಲೆಕ್ಕ. ನಾಚಿಕೆಯಿಂದ ತಲೆ ತಗ್ಗಿಸಿ ಮಜ್ಜಿಗೆ ಕುಡಿದೆ.

"ನಮ್ ಜಯಮ್ಮನ ಮಗ್ಳು ಮಂಗಳ? ಆಯ್ತಾ ಅವಳ್ಗೆ? ಗಂಡೋ ಎಣ್ಣೋ?"

ಇದೊಂದಕ್ಕೆ ಉತ್ತರ ಗೊತ್ತಿತ್ತು. ಹೆಣ್ಣು, ಉಳಿಯಲಿಲ್ಲವಂತೆ ಎಂದೆ. ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ಬೀದಿಯಲ್ಲಿ ಹೋದ ಯಾರೋ ಮಾತಾಡಿಸಿದರೂ ಅವಳು ತಿರುಗಲಿಲ್ಲ. ನನಗೆ ಇನ್ನು ತಡೆಯಲಾಗಲಿಲ್ಲ. ಅವತ್ತು ಪತ್ರ ಬರೆದವನು ನಾನೇ ಅವ್ವ ಎಂದುಬಿಟ್ಟೆ.

"ಗೊತ್ತು ಕಣಪ್ಪ," ಎಂದಳು. "ಬುಟ್ಟಿ ಎತ್ಕಂಡೋನೇ ಏಳ್ದ. ನೀನೂ ವಟ್ಟೆಪಾಡ್ಗೆ ನಿಂತಿದ್ದೆ, ನಾನೂ ವಟ್ಟೆಪಾಡ್ಗೆ ಕುಂತಿದ್ದೆ. ಒಂದ್ ಮಾತು ಬಾಯ್ಬುಟ್ಟು ಕೇಳಿದ್ರೆ ನಾನೇ ಅತ್ತಗೆ ಸರ್ಕಂಡು ಕುಂತ್ಕತಿದ್ದೆ."

ಬೈದಿದ್ದರೆ ಹಗುರಾಗುತ್ತಿತ್ತು. ಇದು ಇವತ್ತಿಗೂ ಇಳಿದಿಲ್ಲ.

ವಾಪಸು ಬಾ ಅವ್ವ, ವ್ಯಾನಿನ ಪಕ್ಕದಲ್ಲೇ ಕೂತು ನೀನೇ ಗುಡ್ಡೆ ಹಾಕು ಎಂದು ಕೇಳಿಕೊಂಡೆ. ಬಸ್ಸಿನ ಮೆಟ್ಟಿಲು ಹತ್ತಲು ಮಂಡಿ ಬಗ್ಗುವುದಿಲ್ಲ, ಬರಲಾರೆ ಎಂದಳು. ಆಮೇಲೆ ಸೋಸಿದ ಸೊಪ್ಪನ್ನು ನನ್ನ ಮುಂದೆ ಸುರಿದು, ಒಳಗಿನಿಂದ ಬದನೆಕಾಯಿ, ಹೀರೇಕಾಯಿ ತರಿಸಿ, ಗುಡ್ಡೆ ಹಾಕು ನೋಡೋಣ ಎಂದಳು. ಐವತ್ತೆರಡು ವರ್ಷದ ನಾನು ಜಗುಲಿಯ ಮೇಲೆ ಕೂತು ಗುಡ್ಡೆ ಹಾಕಿದೆ. ಒಂದೇ ಸಮ ನಾಲ್ಕು ಗುಡ್ಡೆ. ಅವಳು ನೋಡಿ ನಾಲ್ಕನ್ನೂ ಕೈಯಲ್ಲಿ ಕಲಸಿಬಿಟ್ಟಳು.

"ಯಾರ್ಗೆ ಅಂತ ತಿಳ್ಕಳ್ದೆ ಗುಡ್ಡೆ ಆಕ್ಬ್ಯಾಡ. ಮನೇಲಿ ಎಷ್ಟ್ ಜನ ಅವ್ರೆ, ಯಾರ್ಗೆ ಮೈ ಸರಿಯಿಲ್ಲ, ಮೊದ್ಲು ಕೇಳು. ಆಮ್ಯಾಕೆ ಕೈ ತಾನೇ ಆಕ್ತದೆ."

ಸಂಜೆಯವರೆಗೂ ಕಲಿಸಿದಳು. ಬುಟ್ಟಿಯನ್ನು ನನಗೇ ಕೊಟ್ಟು ಕಳಿಸಿದಳು.

ಮಾರನೆಯ ಬೆಳಿಗ್ಗೆ ಐದೂವರೆಗೆ ಹೊಂಗೆ ಮರದ ಕೆಳಗೆ ಗೋಣಿತಾಟು ಹಾಸಿ, ಆ ಬುಟ್ಟಿ ಮುಂದಿಟ್ಟುಕೊಂಡು ಕೂತೆ. ಪ್ಯಾಂಟು ಹಾಕಿಕೊಂಡು ಚಕ್ಕಳಮಕ್ಕಳ ಕೂತ ನನ್ನನ್ನು ನೋಡಿ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಕ್ಕರೆ ನಗಲಿ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಮನೆಯಲ್ಲಿ ಎಷ್ಟು ಜನ, ಹುಷಾರಾಗಿದ್ದೀರಾ. ಮೊದಮೊದಲು ನಾಚಿಕೊಂಡರು, ನಾಲ್ಕನೇ ದಿನಕ್ಕೆ ತಾವೇ ಹೇಳತೊಡಗಿದರು. ಪುಸ್ತಕದಲ್ಲಿ ಎಲ್ಲವನ್ನೂ ಮಿಶ್ರ ತರಕಾರಿ, ಅರ್ಧ ಕಿಲೋ ಎಂದು ಬರೆದೆ. ಸರ್ವೀಸಿನಲ್ಲಿ ನಾನು ಬರೆದ ಮೊದಲ ಸುಳ್ಳು ಅದು. ಹೆಡತಲೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಚಿಕ್ಕತಾಯಮ್ಮ ಆಗಾಗ ಸೊಪ್ಪಿನ ಕಟ್ಟು ಕಳಿಸುತ್ತಿದ್ದಳು. ಏಳೂವರೆಗೆಲ್ಲ ಗೋಣಿತಾಟು ಕೊಡವುತ್ತಿದ್ದೆ. ಇಡೀ ನೌಕರಿಯಲ್ಲಿ ನಾನು ಕೆಲಸ ಮಾಡಿದೆ ಅನ್ನಿಸಿದ್ದು ಆಗಲೇ. ಅದು ಹನ್ನೊಂದು ದಿನ ನಡೆಯಿತು.

ಹತ್ತನೆಯ ದಿನದ ಮಧ್ಯಾಹ್ನ ಮ್ಯಾನೇಜರು ಕರೆದರು. ಬೆಳಗಿನ ಜಾವಕ್ಕೆ ಲೇಔಟಿನವರು ಯಾರೂ ಬರುತ್ತಿರಲಿಲ್ಲ, ಮಾರಾಟ ಬಿದ್ದುಹೋಗಿತ್ತು. ಸಂಘದ ಆಡಳಿತ ಮಂಡಳಿ ವ್ಯಾನನ್ನು ಮೈಸೂರಿನ ಯಾವುದೋ ಬಡಾವಣೆಗೆ ಹಾಕಿತ್ತು. ಅಲ್ಲಿಗೆ ಬೇರೆಯವನು, ನನಗೆ ಬನ್ನೂರಿನ ಖರೀದಿ ಕೇಂದ್ರ. ಇನ್ನೊಂದು ದಿನ ಮಾತ್ರ ನಂಜನಗೂಡು ಎಂದು ಆದೇಶ ಕೈಗಿಟ್ಟರು. ಸರ್, ಈಗಷ್ಟೇ ಕಾಲೊನಿಯವರು ಕೊಳ್ಳುತ್ತಿದ್ದಾರೆ ಎಂದೆ. ಅವರು ಪುಸ್ತಕ ನನ್ನ ಕಡೆ ತಿರುಗಿಸಿ, ಎಲ್ಲಿ ಬರೆದಿದ್ದೀಯಪ್ಪ ತೋರಿಸು ಎಂದರು. ಬರೆದಿರಲಿಲ್ಲ. ಯಾರು ಕೊಂಡರು ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಹನ್ನೊಂದನೆಯ ದಿನ ಆದೇಶವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದೆ. ಬಂದವರಿಗೆಲ್ಲ ಹೇಳಬೇಕು, ಹೇಳಬೇಕು ಅಂದುಕೊಳ್ಳುತ್ತಲೇ ಗುಡ್ಡೆ ಹಾಕಿದೆ. ಕೊನೆಗೆ ಬಂದವಳು ಜಯಮ್ಮ, ಪೊರಕೆಯನ್ನು ಮರಕ್ಕೆ ಒರಗಿಸಿ ಸೆರಗೊಡ್ಡಿದಳು. ಅವಳ ಗುಡ್ಡೆ ಹಾಕಿ, ಅದರ ಮೇಲೆ ಒಂದು ಕಟ್ಟು ನುಗ್ಗೆಸೊಪ್ಪು ಇಟ್ಟೆ. ಇದ್ಯಾಕೆ ಎಂದು ಕೇಳಿದಳು. ಚಿಕ್ಕತಾಯಮ್ಮ ಮಂಗಳಾಗೆ ಕಳಿಸಿದ್ದು, ಕೊಸರು ಎಂದೆ. ಅವಳು ಒಂದು ಕಡ್ಡಿ ಮುರಿದು ಮೂಸಿ ನೋಡಿದಳು. ಕಣ್ಣು ಒರೆಸಿಕೊಂಡು ಸೆರಗು ಗಂಟು ಹಾಕಿಕೊಂಡಳು. ಪೊರಕೆ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ನಾಳೀಕೂ ಇದೇ ವತ್ಗೆ ಬತ್ತೀರಾ ಸಾ?"

ಜೇಬಿನಲ್ಲಿ ಕಾಗದವಿತ್ತು. ತೆಗೆದು ತೋರಿಸಬಹುದಿತ್ತು. ಒಂದು ಮಾತು ಬಾಯಿಬಿಟ್ಟು ಹೇಳಬಹುದಿತ್ತು.

ಐದೂವರೆಗೇ ಬರುತ್ತೇನೆ ಜಯಮ್ಮ ಎಂದೆ.

ಮಾರನೆಯ ದಿನ ಐದೂವರೆಗೆ ನಾನು ಬನ್ನೂರಿನಲ್ಲಿ ಹೊಸ ತಕ್ಕಡಿಗೆ ಬಟ್ಟು ಜೋಡಿಸುತ್ತಿದ್ದೆ. ಕಾಲೊನಿಯ ಹೆಂಗಸರು ಏಳು ಗಂಟೆಯವರೆಗೂ ಮರದ ಕೆಳಗೆ ಕಾದಿದ್ದರಂತೆ. ಕೆಲಸಕ್ಕೆ ತಡವಾಗಿ ಹೋದದ್ದಕ್ಕೆ ಜಯಮ್ಮನಿಗೆ ಆ ದಿನ ಗೈರುಹಾಜರಿ ಹಾಕಿದರು ಎಂದು ಆಮೇಲೊಂದು ದಿನ ಸಿಕ್ಕ ಹೆಡತಲೆ ಬಸ್ಸಿನ ಕಂಡಕ್ಟರ್ ಹೇಳಿದ. ಅವನ ಕೈಯಲ್ಲಿ ಚಿಕ್ಕತಾಯಮ್ಮ ಅವತ್ತೂ ಒಂದು ಕಟ್ಟು ಸೊಪ್ಪು ಕಳಿಸಿದ್ದಳಂತೆ.